ಹೇಮಪ್ಪ ಪೈಲ್ವಾನನ ಕಲ್ಲು ತೂಗಿದ್ದು

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚಂದ ಇಲ್ಲ, ಸಾಲು ಬಲಕ್ಕೆ ಹೋದ ಹಾಗೆ ಮೇಲೇರುತ್ತದೆ. ಒಂಬತ್ತನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು, ಮಾತುಗಳೂ ಕಡಿಮೆ. ಆದರೆ ಮೈನುದ್ದೀನಜ್ಜ ತನ್ನ ಚಹದಂಗಡಿಯ ಗೋಡೆಗೆ ಅಂಟಿಸುವುದಕ್ಕೆ ಇದನ್ನು ಬರೆದುಕೊಡು ಅಂದಾಗ ಇಲ್ಲ ಅನ್ನಲಿಕ್ಕೆ ಆಗಲಿಲ್ಲ. ಇದರೊಳಗೆ ಬರುವ ಮುತ್ತಣ್ಣ ನನ್ನ ಸ್ವಂತ ಅಜ್ಜ. ಅಜ್ಜ ಅಂತ ಬರೆದರೆ ಅವನ ಕಡೆ ವಾಲಿದ್ದಾಳೆ ಅಂದಾರು, ಅದಕ್ಕೆ ಹೆಸರು ಹಿಡಿದೇ ಬರೆಯುತ್ತೇನೆ. ನಾನು ಕಾಣದ್ದನ್ನು ಅವನನ್ನೇ ಎರಡೆರಡು ಸಲ ಕೇಳಿ ಬರೆದಿದ್ದೇನೆ.

ಯಾವಗಲ್ಲಿನ ಮುತ್ತಣ್ಣನಿಗೆ ಈಗ ಅರವತ್ತೊಂಬತ್ತು. ನಲವತ್ತು ವರ್ಷದಿಂದ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಊರವರ ಕಡಲೆ, ಜೋಳ, ಹತ್ತಿ ರೋಣದ ಮಾರುಕಟ್ಟೆ ಸೇರುವುದು ಅವನ ಟ್ರೇಲರಿನಲ್ಲೇ. ಹಮಾಲರು ಚೀಲ ಇಳಿಸಿ ಮುಗಿಸುವವರೆಗೆ ಗೇಟಿನ ಮಗ್ಗುಲಿಗಿರುವ ಮೈನುದ್ದೀನನ ಅಂಗಡಿಯ ಬೆಂಚು ಅವನದು. ಮೈನುದ್ದೀನ ರಾಜೂರಿನವನು. ಚಹದಂಗಡಿ ಇಡುವ ಮೊದಲು ಅದೇ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ಚೀಲ ಹೊತ್ತವನು. ಇಬ್ಬರ ಗೆಳೆತನ ನಿಂತದ್ದು ಒಂದೇ ಒಂದು ಜಗಳದ ಮೇಲೆ. ಯಾವಗಲ್ಲಿನ ಹೇಮಪ್ಪ ಪೈಲ್ವಾನನೂ ರಾಜೂರಿನ ರಾಯಣ್ಣ ಪೈಲ್ವಾನನೂ ಕುಸ್ತಿ ಹಿಡಿದಿದ್ದರೆ ಗೆಲ್ಲುತ್ತಿದ್ದವರು ಯಾರು?

ಆ ಪೈಲ್ವಾನರಿಬ್ಬರೂ ತೀರಿಹೋಗಿ ಬಹಳ ವರ್ಷವಾಯಿತು. ಬದುಕಿದ್ದಾಗ ಅವರ ಬೆನ್ನಿಗೆ ಮಣ್ಣು ಹತ್ತಿಸಿದವರು ಈ ಸೀಮೆಯಲ್ಲಿ ಯಾರೂ ಇರಲಿಲ್ಲ. ಆದರೆ ಇಬ್ಬರೂ ಗಜೇಂದ್ರಗಡದಲ್ಲಿ ಒಬ್ಬನೇ ಉಸ್ತಾದನ ಕೈಯಲ್ಲಿ ಕಲಿತವರು. ಒಂದು ಗರಡಿಯ ಮಣ್ಣು ತಿಂದವರು ಎದುರುಬದುರು ನಿಲ್ಲಬಾರದು ಅನ್ನುವುದು ನೇಮ. ಹಾಗಾಗಿ ಅವರು ಆಡದೇ ಉಳಿದ ಕುಸ್ತಿಯನ್ನು ಇವರಿಬ್ಬರು ಬೆಂಚಿನ ಮೇಲೆ ಆಡುತ್ತಿದ್ದರು.

"ನಿಮ್ಮ ಹೇಮಪ್ಪ ಎತ್ತಿದ್ದಂಗ," ಅನ್ನುತ್ತಿದ್ದ ಮೈನುದ್ದೀನ, ಚಹ ಸೋಸುತ್ತ. "ಜೋರ ಐತಿ, ತಿರುಗೂದು ತಡಾ. ರಾಯಣ್ಣ ಕಾಲಾಗ ಕಾಲ ಹಾಕಿದ್ನಂದ್ರ ಮುಗೀತು."

"ಕಾಲ ಹಾಕ್ಲಿಕ್ಕೆ ಹತ್ರ ಬರಬೇಕಲ್ಲಪಾ? ಹೇಮಪ್ಪ ಕುತ್ತಿಗಿ ಮ್ಯಾಲ ಕೈ ಇಟ್ನಂದ್ರ ನಿಮ್ಮಾಂವ ನೆಲಾ ನೋಡ್ಕೋತ ಊರಿಗೆ ಹೋಗಬೇಕು."

"ಹೋಗ್ಲಿ ಬಿಡು, ರಾಜೂರಿಗೆ ಬಸ್ಸ ಭಾಳ ಅದಾವು."

ಮಾತಿನಲ್ಲಿ ಸೋಲುವ ಹಾಗಾದಾಗೆಲ್ಲ ಮುತ್ತಣ್ಣ ಕಲ್ಲಿನ ಮಾತು ತೆಗೆಯುತ್ತಿದ್ದ. ಯಾವಗಲ್ಲಿನ ಗರಡಿಮನೆಯ ಮುಂದೆ ಒಂದು ಗುಂಡುಕಲ್ಲು ಇದೆ. ಅದನ್ನು ಹೇಮಪ್ಪ ಎತ್ತಿ, ಎದೆಗೆ ಏರಿಸಿ, ಹೆಗಲ ಮೇಲಿಂದ ಹಿಂದೆ ಚೆಲ್ಲಿದ ದಿನ ಮುತ್ತಣ್ಣನಿಗೆ ಹನ್ನೊಂದು ವರ್ಷ. ಹೇಮಪ್ಪನ ಅಂಗಿ, ರುಮಾಲು ಹಿಡಿದುಕೊಂಡು ನಿಂತವನು ಅವನೇ. ಅದನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದವನೂ ಅವನೊಬ್ಬನೇ. "ಎರಡು ಚೀಲ ಜೋಳದ ತೂಕ!" ಅಂತ ಅವನು ಬೆಂಚಿಗೆ ಗುದ್ದಿದರೆ ಗ್ಲಾಸುಗಳು ಗಲಗಲ ಅನ್ನುತ್ತಿದ್ದವು.

ಕಳೆದ ವರ್ಷ ಕಡಲೆ ಸುಗ್ಗಿಯಲ್ಲಿ ಮೈನುದ್ದೀನ ಸುಮ್ಮನೆ ಕೇಳಿದ: "ಆ ಕಲ್ಲ ಯಾರರ ತೂಗೀರೇನು?"

"ತೂಗೂದೇನೈತಿ ಅದರಾಗ? ನಾ ನೋಡೀನಿ."

"ತೂಗದ ಮಾತು ಗಾಳಿ ಮಾತು, ದೋಸ್ತ. ಕಾಟಾ ಇಲ್ಲೇ ಎದುರಿಗೇ ಐತಲ್ಲ."

ಕೇಳಿದವರು ನಕ್ಕರು. ಮುತ್ತಣ್ಣನಿಗೆ ರೋಷ ಬಂತು. "ಮುಂದಿನ ವಾರ ತರ್ತೀನಿ," ಅಂದುಬಿಟ್ಟ.

ಮನೆಯಲ್ಲಿ ಅವನ ಹೆಂಡತಿ ಕಳಕವ್ವ ಒಪ್ಪಲಿಲ್ಲ. ಆ ಕಲ್ಲಿಗೆ ಊರಿನ ಹೆಂಗಸರು ಎಷ್ಟೋ ವರ್ಷದಿಂದ ಎಣ್ಣೆ ಎರೆದು ಕುಂಕುಮ ಹಚ್ಚುತ್ತ ಬಂದಿದ್ದಾರೆ. "ದೇವರನ್ನ ಕಾಟಾದ ಮ್ಯಾಲ ಕುಂದ್ರಸ್ತೀರಿ? ಕಡಲಿ ಅಂತ ತಿಳದೀರೇನು?" ಅಂತ ಬೈದಳು. ಅವನು ಕೇಳಲಿಲ್ಲ. ಕೊನೆಗೆ ಅವಳೇ ಹೋಗಿ ಕಲ್ಲಿಗೆ ಎರಡು ಕೊಡ ನೀರು ಹಾಕಿ, ಹೊಸದಾಗಿ ಎಣ್ಣೆ ಹಚ್ಚಿ, ಮಾಲೆ ಹಾಕಿ, "ಹೋಗಿ ಬಾರಪ್ಪಾ" ಅಂತ ಕೈಮುಗಿದಳು. ನಾಲ್ಕು ಜನ ಹಲಗೆ ಇಟ್ಟು ಉರುಳಿಸಿ ಕಲ್ಲನ್ನು ಟ್ರೇಲರಿಗೆ ಏರಿಸಿದರು. ಕಡಲೆ ಚೀಲಗಳ ನಡುವೆ ಅದು ಮದುಮಗನ ಹಾಗೆ ಕೂತು ರೋಣಕ್ಕೆ ಹೋಯಿತು.

ಮಾರುಕಟ್ಟೆಯ ತೂಕದ ಕಾಟಾದ ಸುತ್ತ ಜನ ಕೂಡಿತು. ಕಲ್ಲನ್ನು ಉರುಳಿಸಿ ಮೇಲೆ ಇಟ್ಟರು. ಕೆಂಪು ಅಂಕಿಗಳು ಓಡಾಡಿ ಓಡಾಡಿ ನಿಂತವು. ಎಂಬತ್ತೇಳು ಕಿಲೊ.

ಎರಡು ಚೀಲ ಹೋಗಲಿ, ನೂರು ಕಿಲೊದ ಒಂದು ಚೀಲವೂ ಆಗಲಿಲ್ಲ.

ಯಾರೋ ಸಿಳ್ಳೆ ಹೊಡೆದರು. ಮುತ್ತಣ್ಣ ಕಾಟಾವನ್ನು ಒಮ್ಮೆ, ಕಲ್ಲನ್ನು ಒಮ್ಮೆ ನೋಡಿದ. ಮೈನುದ್ದೀನ ನಗಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಆ ಅಂಕಿಗಳ ಮೇಲೆ ಹೊದಿಸಿದ. ಆದರೆ ಅಷ್ಟರಲ್ಲಿ ಒಬ್ಬ ಮೊಬೈಲಿನಲ್ಲಿ ಫೋಟೊ ಹೊಡೆದಾಗಿತ್ತು. ಟ್ರ್ಯಾಕ್ಟರ್ ಯಾವಗಲ್ ಮುಟ್ಟುವ ಮೊದಲೇ ಆ ಫೋಟೊ ಊರೊಳಗಿನ ಎಲ್ಲರ ಮೊಬೈಲಿನಲ್ಲೂ ಇತ್ತು. "ಎಂಬತ್ತೇಳು ಬಂತು ನೋಡ್ರಿ," ಅಂದರು ಕಟ್ಟೆಯ ಮೇಲೆ ಕೂತವರು.

ಕಲ್ಲನ್ನು ಅದರ ಜಾಗದಲ್ಲಿ ಇಟ್ಟು ಬಂದ ಮುತ್ತಣ್ಣ ಮುಂದೆ ಎರಡು ವಾರ ರೋಣಕ್ಕೆ ಹೋಗಲಿಲ್ಲ. ಮಗನ ಕೈಗೆ ಟ್ರ್ಯಾಕ್ಟರ್ ಕೊಟ್ಟ. ಜನ ನಕ್ಕದ್ದಕ್ಕಲ್ಲ. ಐವತ್ತೇಳು ವರ್ಷ ಹೇಳಿಕೊಂಡು ಬಂದದ್ದನ್ನು ಅವನಿಗೆ ಅವನೇ ನಂಬದ ಹಾಗಾಗಿತ್ತು. ಹೇಮಪ್ಪ ಎತ್ತಿದ್ದು ಖರೆಯೋ, ಇಲ್ಲಾ ಹನ್ನೊಂದು ವರ್ಷದ ಕಣ್ಣು ಸಣ್ಣದನ್ನು ದೊಡ್ಡದು ಮಾಡಿ ನೋಡಿತ್ತೋ? ಅದು ಸುಳ್ಳಾದರೆ ಇನ್ನು ಯಾವ ಬಾಯಿಂದ ಆ ಬೆಂಚಿನ ಮೇಲೆ ಮಾತಾಡುವುದು? ಕಳಕವ್ವ ರೊಟ್ಟಿ ಮುಂದಿಟ್ಟರೆ ತಟ್ಟೆ ನೋಡುತ್ತ ಕೂಡುತ್ತಿದ್ದ.

ಮೂರನೆಯ ವಾರ ಮಧ್ಯಾಹ್ನದ ಬಸ್ಸಿಗೆ ಮೈನುದ್ದೀನ ಯಾವಗಲ್ಲಿಗೆ ಬಂದಿಳಿದ. ಅಂಗಡಿ ಮುಚ್ಚಿ ಬಂದಿದ್ದ. ನಲವತ್ತು ವರ್ಷದ ಗೆಳೆತನದಲ್ಲಿ ಅವನು ಈ ಊರು ನೋಡಿದ್ದು ಇದೇ ಮೊದಲು. ಮನೆಯ ಬಾಗಿಲಲ್ಲಿ ನಿಂತು, "ಮುತ್ತಣ್ಣ, ನಿನ್ನ ಬೆಂಚಿನ ಮ್ಯಾಲ ಯಾರ್ಯಾರೋ ಕುಂದ್ರಾಕತ್ಯಾರ. ಎದ್ದು ಬಾ, ಕಲ್ಲ ತೋರಸು," ಅಂದ.

"ನೋಡೀಯಲ್ಲ, ಮತ್ತೇನ ತೋರಸ್ಲಿ?"

"ಕಾಟಾದ ಮ್ಯಾಲ ನೋಡೀನಿ. ಕೈಯಾಗ ನೋಡಿಲ್ಲ."

ಗರಡಿಮನೆಯ ಮುಂದೆ ಹೋಗಿ ಮೈನುದ್ದೀನ ಪಾಯಜಾಮ ಮೇಲಕ್ಕೆ ಮಡಚಿದ. ಜನ ಕೂಡಿದರು. "ಚಾಚಾ, ಸೊಂಟಾ ಹಿಡದೀತು, ಬ್ಯಾಡ್ರಿ," ಅಂದರು. ಅವನು ಬಗ್ಗಿ ಎರಡೂ ಕೈ ಕಲ್ಲಿನ ಕೆಳಗೆ ಹಾಕಿದ. ಕಲ್ಲು ಒಂದು ಗೇಣು ಎದ್ದಿತು. ಎಣ್ಣೆಗೆ ಜಾರಿ ದೊಪ್ಪನೆ ಬಿತ್ತು, ಅವನೂ ಕುಂಡೆ ಊರಿ ಕೂತ. ನಗು ಎದ್ದಿತು.

ಕೂತಲ್ಲಿಂದಲೇ ಅವನು ಕೈ ಎತ್ತಿ ತೋರಿಸಿದ. ಅಂಗೈ ತುಂಬ ಎಣ್ಣೆ, ಕುಂಕುಮ. "ನಗ್ರಿ, ನಗ್ರಿ. ಇಪ್ಪತ್ತ ವರ್ಷ ಕ್ವಿಂಟಲ್ ಚೀಲ ಹೊತ್ತೀನಿ ನಾನು. ಚೀಲಕ್ಕ ಕಿವಿ ಇರ್ತಾವು ಹಿಡೀಲಿಕ್ಕೆ. ಬೆನ್ನ ಮ್ಯಾಲ ಹಾಕಿದ್ರ ಬೆನ್ನಿನಂಗ ಬಾಗತೈತಿ ಅದು. ಈ ಕಲ್ಲಿಗೇನೈತಿ? ಕಿವಿ ಇಲ್ಲ, ಬಾಗೂದಿಲ್ಲ, ಮ್ಯಾಲ ಇಷ್ಟ ಎಣ್ಣಿ. ಇದನ್ನ ಹೆಗಲ ಮ್ಯಾಲಿಂದ ಚೆಲ್ಲಿದಾಂವಗ ಇದು ಎರಡ ಚೀಲಲ್ಲ, ಮೂರ ಚೀಲ. ಯಾರರ ಬರ್ರಿ ನೋಡೂಣು."

ಮೊಬೈಲಿನಲ್ಲಿ ಫೋಟೊ ತೋರಿಸಿ ನಕ್ಕವರೊಳಗೆ ಜಿಮ್ಮಿಗೆ ಹೋಗುವ ಇಬ್ಬರಿದ್ದರು. ತೋಳು ಏರಿಸಿ ಬಂದರು. ಒಬ್ಬ ಮೊಳಕಾಲಿನವರೆಗೆ ತಂದ, ಇನ್ನೊಬ್ಬ ತೊಡೆಯವರೆಗೆ. ಎದೆಗೆ ಏರಿಸಲಿಕ್ಕೆ ಇಬ್ಬರಿಗೂ ಆಗಲಿಲ್ಲ. ಆಮೇಲೆ ನಗುವವರು ಯಾರೂ ಇರಲಿಲ್ಲ. ಕಳಕವ್ವ ಮಾತ್ರ ಸೆರಗಿನಿಂದ ಕಲ್ಲು ಒರೆಸುತ್ತ, "ಪಾಪ, ಎಷ್ಟ ಸಲ ಕೆಡವ್ತೀರಪ್ಪಾ," ಅಂದಳು.

ಮುತ್ತಣ್ಣ ಗರಡಿಯೊಳಗೆ ಹೋಗಿ ಒಂದು ಹಿಡಿ ಕೆಂಪು ಮಣ್ಣು ತಂದ. ಕುಸ್ತಿಗೆ ಮೊದಲು ಎದುರಿನವನ ಕೈ ಜಾರಬಾರದು ಅಂತ ಪೈಲ್ವಾನರು ಒಬ್ಬರಿಗೊಬ್ಬರು ಮಣ್ಣು ಹಚ್ಚುತ್ತಾರೆ. ಅದೇ ರೀತಿ ಅವನು ಮೈನುದ್ದೀನನ ಎಣ್ಣೆಯ ಅಂಗೈಗಳಿಗೆ ಮಣ್ಣು ತಿಕ್ಕಿ, ಆ ಕೈಗಳನ್ನು ಹಿಡಿದು ಅವನನ್ನು ಎಬ್ಬಿಸಿದ.

"ಆದರೂ ನೀ ಒಂದ ಮಾತ ಮರತಿ," ಅಂದ ಮುತ್ತಣ್ಣ. "ಕಲ್ಲ ಸುಮ್ಮನ ಕುಂತಿರ್ತೈತಿ. ರಾಯಣ್ಣ ಕುಂದ್ರತಿದ್ದಿಲ್ಲ. ಅಂವನ ಕಾಲ ಭಾಳ ಚಪಲ."

"ಚಪಲ ಇದ್ರೇನಾತು? ಇಂಥಾ ಕಲ್ಲ ಎತ್ತಿದ ಕೈ ಅಂವನ್ನ ಬಿಡತಿತ್ತೇನು?"

"ಹಿಡದ್ರ ಬಿಡೂ ಮಾತು! ಮೊದ್ಲ ಹಿಡೀಲಿ."

ಕಳಕವ್ವ ಚಹಕ್ಕೆ ಕರೆಯಲು ಬಂದವಳು ಸ್ವಲ್ಪ ಹೊತ್ತು ಕೇಳಿ, "ಅಯ್ಯ, ಇವ್ರ ಊರ ಅದಲಬದಲ ಆದ್ವಲ್ಲ," ಅಂದಳು.

ಅವತ್ತಿನಿಂದ ರೋಣದ ಬೆಂಚಿನ ಮೇಲೆ ರಾಯಣ್ಣನ ಪರ ಮುತ್ತಣ್ಣ, ಹೇಮಪ್ಪನ ಪರ ಮೈನುದ್ದೀನ. ಕುಸ್ತಿ ಇನ್ನೂ ಮುಗಿದಿಲ್ಲ. ಹೊಸಬರು ಬಂದು ಇದೇನು ಅಂತ ಕೇಳಿದಾಗೆಲ್ಲ ಮೊದಲಿನಿಂದ ಹೇಳಿ ಹೇಳಿ ಚಹ ಉಕ್ಕಿ ಹೋಗುತ್ತದಂತೆ. ಅದಕ್ಕೇ ಈ ಬರವಣಿಗೆ.

ಇದನ್ನು ನಾಳೆ ಅಜ್ಜನಿಗೆ ಓದಿ ಹೇಳುತ್ತೇನೆ. ಅವನು ಹೂಂ ಅಂದ ಮೇಲೆ ಗೆರೆ ಇರುವ ಹಾಳೆಯ ಮೇಲೆ ನಿಧಾನವಾಗಿ ಚೊಕ್ಕ ಬರೆದು, ಬರುವ ವಾರ ಟ್ರ್ಯಾಕ್ಟರಿನಲ್ಲಿ ರೋಣಕ್ಕೆ ಹೋಗಿ ಮೈನುದ್ದೀನಜ್ಜನ ಕೈಗೆ ಕೊಡುತ್ತೇನೆ.