ಗಂಡಸು ಕಂಡರೆ ನಿಲ್ಲುವ ಬಸ್ಸು

ನಸುಕಿನಿಂದ ಒಂದು ಕಲೆಯ ಜೊತೆ ಕುಸ್ತಿಗೆ ಬಿದ್ದಿದ್ದೇನೆ. ಕೆಂಪು ರುಮಾಲು, ಹತ್ತು ಮೊಳಕ್ಕೆ ಕಡಿಮೆಯಿಲ್ಲ, ಅದರ ನಟ್ಟನಡುವೆ ಅಂಗೈಯಗಲದ ಕರಿ ಎಣ್ಣೆಯ ಕಲೆ. ಸಬಕಾರ ಹಚ್ಚಿದೆ, ಸೋಡಾ ಹಾಕಿದೆ, ಕಡೆಗೆ ಚಿಮಣಿ ಎಣ್ಣೆಯನ್ನೂ ಸವರಿದೆ. ಕಲೆ ಹೋಗಲಿಲ್ಲ. ನನ್ನ ಎರಡೂ ಕೈಗೆ ಬಸ್ ಸ್ಟ್ಯಾಂಡಿನ ವಾಸನೆ ಹತ್ತಿತು, ಅಷ್ಟೇ. ಆ ವಾಸನೆ ಮೂಗಿಗೆ ಬಡಿದರೆ ನನಗೆ ತಲೆ ಕೆಡುತ್ತದೆ. ನನ್ನ ಸಿಟ್ಟು ಎಂಥದೆಂದು ನಮ್ಮ ಊರಲ್ಲಿ ಯಾರನ್ನಾದರೂ ಕೇಳಿ. ಇಡೀ ಆಯುಷ್ಯ ಶಾಲೆಯಲ್ಲಿ ಕಲಿಸಿದವಳು, ಊರಿಗೆಲ್ಲ 'ಬಾಯಾರು' ನಾನು. ಮಕ್ಕಳ ಮೇಲೆ ತೆಗೆದುಕೊಳ್ಳುತ್ತಿದ್ದ ಸಿಟ್ಟಿಗೆ ನಿವೃತ್ತಿಯಾದ ಮೇಲೆ ದಾರಿ ಇಲ್ಲದಂತಾಗಿದೆ.

ರುಮಾಲು ನಮ್ಮ ಮನೆಯದಲ್ಲ. ನಮ್ಮವರು ಇದ್ದಾಗ ಟೋಪಿ ಹಾಕುತ್ತಿದ್ದರು. ಇದು ಪಕ್ಕದ ಮನೆಯ ಕಾಶಮ್ಮನ ಗಂಡನದು. ಆತ ಹೋಗಿ ಬಹಳ ವರ್ಷವಾಯಿತು. ರುಮಾಲು ಮಾತ್ರ ಗೂಟಕ್ಕೆ ನೇತಾಡುತ್ತಿತ್ತು.

ಕಾಶಮ್ಮನ ಎರಡೂ ಕಿಡ್ನಿ ಕೆಟ್ಟಿವೆ. ಮಂಗಳವಾರ, ಶುಕ್ರವಾರ ಹುಮನಾಬಾದಿನ ದವಾಖಾನೆಗೆ ಹೋಗಿ ಮಷೀನಿನಲ್ಲಿ ರಕ್ತ ತೊಳೆಸಿಕೊಂಡು ಬರಬೇಕು. ಮುಂಜಾನೆ ಅವಳ ಪಾಳಿ. ತಡವಾದರೆ ಹಾಸಿಗೆ ಮುಂದಿನವರಿಗೆ. ಅದು ದವಾಖಾನೆಯವರ ತಪ್ಪಲ್ಲ ಬಿಡಿ, ಹೊರಗೆ ಬೆಂಚಿನ ಮೇಲೆ ಕೂತವರದೂ ಜೀವವೇ. ಮೊದಲು ಬಸ್ ಚಾರ್ಜಿಗೆ ಇಲ್ಲದ ದಿನ ಕಾಶಮ್ಮ ಮನೆಯಲ್ಲೇ ಮಲಗಿಬಿಡುತ್ತಿದ್ದಳು. ಕೇಳಿದರೆ, "ಇವತ್ತ ಆರಾಮ ಅದ ಬಾಯಾರ" ಎಂದು ಸುಳ್ಳು ಹೇಳುತ್ತಿದ್ದಳು. ಸರ್ಕಾರ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಮಾಡಿತು ನೋಡಿ, ಅವಳು ಮೊದಲ ಸೊನ್ನೆ ಟಿಕೆಟನ್ನು ದೇವರ ಫೋಟೋದ ಮುಂದೆ ಇಟ್ಟು ಊದುಬತ್ತಿ ಹಚ್ಚಿದಳು. ನಾನು ನಕ್ಕಿದ್ದೆ.

ನಕ್ಕದ್ದಷ್ಟೇ ಆಗಿದ್ದರೆ ಒಳ್ಳೆಯದಿತ್ತು. ಆಗಿನ್ನೂ ನೌಕರಿಯಲ್ಲಿದ್ದೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದೆ ಬಸವಕಲ್ಯಾಣದವರೆಗೆ ನಿಂತು ಹೋದ ಒಂದು ದಿನ, "ಫುಕಟ್ ಸಿಕ್ಕದಂತ ಊರಿಗೂರೇ ಹೊಂಟದ" ಎಂದು ಗಟ್ಟಿಯಾಗಿ ಅಂದೆ. ಅನ್ನುವಾಗ ನನ್ನ ಕೈಯಲ್ಲಿದ್ದದ್ದೂ ಸೊನ್ನೆ ಟಿಕೆಟ್ಟೇ! ಪಗಾರ ಎಣಿಸುವ ಕೈ ಅದು. ಈಗ ನೆನೆಸಿದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಬರಬರುತ್ತ ನಮ್ಮ ಕ್ರಾಸಿನಲ್ಲಿ ಬಸ್ಸು ನಿಲ್ಲುವುದು ಕಡಿಮೆಯಾಯಿತು. ಬರೀ ಸೀರೆಗಳು ಕಂಡರೆ ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ, ಹಿಂದೆ ಇನ್ನೊಂದು ಬರುತ್ತಿದೆ ಎಂದು ಸನ್ನೆ ಮಾಡಿ ಹೋಗಿಬಿಡುವನು. ಹಿಂದೆ ಬರುತ್ತಿದ್ದದ್ದು ಧೂಳು. ಗುಂಪಿನಲ್ಲಿ ಒಬ್ಬ ಗಂಡಸಿದ್ದರೆ ಮಾತ್ರ ಬ್ರೇಕು ತಾನಾಗಿಯೇ ಬೀಳುತ್ತಿತ್ತು. ಹಾಗಾಗಿ ಹೆಂಗಸರು ಹೋಟೆಲ್ಲಿನಲ್ಲಿ ಚಹಾ ಕುಡಿಯುವವರಿಗೆ, "ಕಾಕಾ, ಒಂಜರಾ ಮುಂದ ಬಂದು ನಿಂದರ್ರಿ" ಎಂದು ಕೈ ಮುಗಿಯಬೇಕಾಯಿತು. ಕಾಕಾಗಳಿಗೆ ಪುರಸೊತ್ತಾದರೂ ಎಲ್ಲಿ? ಅವರು ದೇಶದ ರಾಜಕಾರಣ ಮಾತಾಡುತ್ತಿದ್ದರು.

ಒಂದು ಮಂಗಳವಾರ ಕಾಶಮ್ಮ ಗಂಡನ ಅಂಗಿ ತೊಟ್ಟು, ಸೀರೆಯ ಮೇಲೆ ಧೋತರ ಸುತ್ತಿ, ತಲೆಗೆ ಈ ರುಮಾಲು ಬಿಗಿದು ಕ್ರಾಸಿನಲ್ಲಿ ಎಲ್ಲರ ಮುಂದೆ ನಿಂತಳು. ಬಸ್ಸು ನಿಂತಿತು. ಹತ್ತಿದವಳೇ ರುಮಾಲು ಬಿಚ್ಚಿದಳು.

"ಏ ಮುದುಕಿ, ಏನ ನಾಟಕ ಹಚ್ಚೀದಿ?" ಎಂದ ಕಂಡಕ್ಟರ್.

"ನಾಟಕ ನೀವು ಹಚ್ಚೀರಿ. ಗಂಡಸ ಕಂಡ್ರ ನಿಲ್ಲಸ್ತೀರಿ, ಹೆಣ್ಮಕ್ಕಳ ಕಂಡ್ರ ಓಡಸ್ತೀರಿ. ಅದಕ ಗಂಡಸಾಗಿ ಬಂದೀನಿ. ಈಗ ಹೆಣ್ಣಿನ ಟಿಕೇಟ ಹರಿ."

ಬಸ್ಸೇ ನಕ್ಕಿತು. ನಾಲ್ಕಾರು ವಾರ ಹೀಗೇ ನಡೆಯಿತು. ಆದರೆ ಡ್ರೈವರುಗಳೇನು ದಡ್ಡರೇ? ನಮ್ಮ ಕ್ರಾಸಿನಲ್ಲಿ ಕೆಂಪು ರುಮಾಲು ಕಂಡರೆ ನಿಲ್ಲಿಸಬೇಡಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಆಗ ಬಂತು ನೋಡಿ ಮಜಾ. ಊರಿನ ನಿಜವಾದ ರುಮಾಲಿನವರು, ಮೀಸೆ ಇದ್ದವರು, ಕೈ ಎತ್ತಿದರೂ ಬಸ್ಸು ಭರ್ರನೆ ಹೋಯಿತು. ಎರಡೇ ದಿನ. ಮೂರನೆಯ ದಿನ ಐದಾರು ಮಂದಿ ಹಿರಿಯರು ಕಾಶಮ್ಮನ ಅಂಗಳದಲ್ಲಿದ್ದರು.

"ನಿನ್ನ ಸಲುವಾಗಿ ನಮ್ಮ ಮರ್ಯಾದಿ ಹೋಯ್ತಲ್ಲಬೇ. ರುಮಾಲ ಕಂಡ್ರ ಬಸ್ಸ ನಿಲ್ಲವಲ್ದು."

"ಎರಡು ದಿನ ನಿಲ್ಲಲಿಲ್ಲಂದ್ರ ನಿಮ್ಮ ಮರ್ಯಾದಿ ಹೋಯ್ತು. ನಮಗ ನಿಲ್ಲಲಾರದ ಎಷ್ಟ ದಿನ ಆಯ್ತು, ಯಾರರ ಬಂದು ಕೇಳೀರೇನು?" ಎಂದಳು ಕಾಶಮ್ಮ.

ಅವರು ಅರ್ಜಿ ಬರೆದರು. ಬಸ್ಸು ನಿಲ್ಲುವುದಿಲ್ಲ ಎಂದಲ್ಲ. ಹೆಂಗಸರು ಗಂಡಸರ ವೇಷ ಹಾಕುವುದನ್ನು ಬಂದ್ ಮಾಡಿಸಬೇಕು ಎಂದು! ಕಾಗುಣಿತ ತಿದ್ದಲು ನನ್ನ ಹತ್ತಿರವೇ ತಂದರು. ತಿದ್ದಿಕೊಟ್ಟೆ, ಮಾರಾಯರೇ, ತಿದ್ದಿಕೊಟ್ಟೆ. ಹಿರಿಯರಿಗೆ ಎದುರಾಡಬಾರದು ಎಂಬ ಸುಡುಗಾಡು ರೂಢಿ.

ಅದೇ ವಾರ, ಗುರುವಾರ ಸಂಜೆ ಕಾಶಮ್ಮ ನಮ್ಮ ಹೊಸ್ತಿಲಿಗೆ ಬಂದು ಕೂತಳು.

"ಬಾಯಾರ, ಟೋಪಿಗಿ ಬಸ್ಸ ಇನ್ನ ನಿಲ್ತದ. ನನ್ನ ಮಾರಿ ಅವರಿಗಿ ಗುರ್ತಾಗ್ಯದ. ನಾಳಿ ಒಂದಿನ ನಿಮ್ಮವರ ಟೋಪಿ ಹಾಕ್ಕೊಂಡು ನೀವು ನಿಂದರ್ರಿ."

"ನಾ ಟೀಚರಿದ್ದೀನಿ ಕಾಶಮ್ಮ. ಮಂದಿ ಏನಂತಾರ?"

ಅವಳು ಸೆರಗು ಕೊಡವಿ ಎದ್ದು ಹೋದಳು. ಶುಕ್ರವಾರ ಮೂರು ಬಸ್ಸು ಕೈಸನ್ನೆ ಮಾಡಿ ಹೋದವು. ಯಾವುದೋ ಟೆಂಪೋ ಹಿಡಿದು ಮುಟ್ಟುವಷ್ಟರಲ್ಲಿ ಅವಳ ಹಾಸಿಗೆಯಲ್ಲಿ ಬೇರೆಯವರು ಮಲಗಿದ್ದರು. ಮರುದಿನ ಮುಂಜಾನೆ ಅವಳ ಮುಖ ಊದಿಕೊಂಡು ಕಣ್ಣು ಮುಚ್ಚಿಹೋಗಿತ್ತು, ಉಸಿರು ಮೇಲಕ್ಕೇ ಎಳೆಯುತ್ತಿತ್ತು. ಜೀಪಿನಲ್ಲಿ ಬೀದರಿಗೆ ಒಯ್ದರು. ಎಂಟು ದಿನ ಅವಳು ಅಲ್ಲಿ, ನಾನು ಇಲ್ಲಿ. ಮಂದಿ ಏನಂತಾರಂತೆ! ಮಂದಿ ಏನೂ ಅನ್ನಲಿಲ್ಲ. ಚಹಾ ಕುಡಿಯುತ್ತಲೇ ಇದ್ದರು.

ಉಳಿದು ಬಂದಳು, ಪುಣ್ಯ. ಮುಂದಿನ ಮಂಗಳವಾರ ನಾನೇ ಅವಳ ಮನೆಗೆ ಹೋಗಿ ಗೂಟದ ರುಮಾಲು ತೆಗೆದುಕೊಂಡೆ. ತಲೆಗೆ ಸುತ್ತಲು ಅಲ್ಲ. ಕ್ರಾಸಿನಲ್ಲಿ ಅದನ್ನು ಪೂರಾ ಬಿಚ್ಚಿ ಒಂದು ತುದಿ ಅವಳ ಕೈಗೆ ಕೊಟ್ಟೆ.

"ನೀವು ಗಟಾರದ ಬಾಜೂ ಹಿಡೀರಿ ಬಾಯಾರ, ನಿಮಗ ರೂಢಿ ಇಲ್ಲ" ಎಂದು ಅವಳು ತನ್ನ ತುದಿ ಎಳೆದುಕೊಂಡು ನಡುರಸ್ತೆಗೆ ಹೋಗಿ ನಿಂತಳು. ಬಸ್ಸು ಕಿರುಚಿಕೊಂಡು ಬಂದು, ಮೂತಿ ರುಮಾಲಿಗೆ ತಾಗಿಸಿ ನಿಂತಿತು. ಈ ಕಲೆ ಅವತ್ತಿನದು.

"ಸಾಯ್ಲಾಕ ಬಂದೀರೇನು?" ಎಂದು ಡ್ರೈವರ್ ಚೀರಿದ.

"ಸಾಯಬಾರದಂತನೇ ಹೊಂಟೀನಪ್ಪ. ಬಾಗಲ ತೆಗಿ."

ಅವತ್ತಿನಿಂದ ಅವಳ ಒಂದು ಪಾಳಿಯೂ ತಪ್ಪಿಲ್ಲ. ಇದನ್ನು ಕೇಳಿ ನೀವು ಚಪ್ಪಾಳೆ ತಟ್ಟುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಸರ್ಕಾರವೇ ಫ್ರೀ ಕೊಟ್ಟ ಬಸ್ಸನ್ನು ಹತ್ತಲು, ರೋಗದಲ್ಲಿ ಬೆಂದ ಹೆಂಗಸು ವಾರಕ್ಕೆರಡು ಸಲ ಅದರ ಗಾಲಿಯ ಮುಂದೆ ನಿಲ್ಲಬೇಕೇನು? ಸೀಟು ಸಿಗದಿದ್ದರೆ ಬಾಗಿಲಲ್ಲಿ ಜೋತಾಡುತ್ತಾಳೆ, ನಿಲ್ಲಿಸಲು ಈ ಡ್ರೈವರುಗಳಿಗೇನು ಧಾಡಿ?

ಇವತ್ತೂ ಶುಕ್ರವಾರ. ಕಲೆ ತಿಕ್ಕುವುದನ್ನು ಬಿಟ್ಟು ರುಮಾಲು ಹಿಂಡುತ್ತಿದ್ದೇನೆ. ಹೊರಗಿನಿಂದ ಕಾಶಮ್ಮನ ಧ್ವನಿ: "ಬಾಯಾರ, ಆಯ್ತೇನ್ರಿ? ಹಸೀದೇ ತರ್ರಿ, ಬಸ್ಸಿನ ಟೈಮಾಯ್ತು."

"ಬಂದೆ," ಎಂದೆ. "ಇವತ್ತ ನೀ ಗಟಾರದ ಬಾಜೂ ಹಿಡಿ ಕಾಶಮ್ಮ. ನಡುರಸ್ತೆ ನಂದು."