ತಾಂಡಾದಲ್ಲಿ ಅರ್ಧಕ್ಕೆ ನಿಂತ ಪ್ರಾರ್ಥನೆ

ನನಗೆ ಬಾಯಿ ಜಾಸ್ತಿ. ಅಫಜಲಪುರದ ಕಾಲೇಜಿನಲ್ಲಿ ನಾವು ಹತ್ತು ಹನ್ನೆರಡು ಕ್ರೈಸ್ತ ವಿದ್ಯಾರ್ಥಿಗಳು ಶನಿವಾರ ಪ್ರಾರ್ಥನೆಗೆ ಕೂಡುತ್ತಿದ್ದೆವು. ಹಾಡಿನ ಉಸ್ತುವಾರಿ ನನ್ನದು. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ ಲಂಬಾಣಿ ತಾಂಡಾದ ಹುಡುಗಿ. ಕ್ರಿಸ್‌ಮಸ್‌ಗೆಂದು ಆಕೆ ತನ್ನ ಭಾಷೆಯಲ್ಲೇ ಒಂದು ಹಾಡು ಕಟ್ಟಿ ತಂದಳು. ನಾನು ಅದನ್ನು ಕೇಳುವ ಮೊದಲೇ ಅಂದೆ: "ತಾಂಡಾದ ಹಾಡು ತಾಂಡಾದಾಗ ಇರ್ಲಿ ಬೇ. ಇಲ್ಲಿ ಕನ್ನಡದಾಗ ಹಾಡೋಣು."

ಮಾತು ಆಡಿದರೆ ಹೋಯಿತು. ಆಕೆ ಹಾಳೆ ಮಡಚಿ ಬೈಬಲ್ಲಿನೊಳಗೆ ಇಟ್ಟಳು. ಆಮೇಲೆ ಪ್ರಾರ್ಥನೆಗೂ ಬರಲಿಲ್ಲ, ನನ್ನೊಂದಿಗೆ ಮಾತೂ ಇಲ್ಲ. ಒಂದೇ ಬಕೆಟ್ ಹಂಚಿಕೊಂಡು ಹದಿನೈದು ದಿನ ಮೂಕರಂತೆ ಬದುಕಿದೆವು. ಜೇವರ್ಗಿ ಕಡೆಯ ನಮ್ಮೂರಲ್ಲಿ ಕೇರಿಯವಳೆಂದು ನನ್ನನ್ನು ನಲ್ಲಿಯಿಂದ ಹಿಂದೆ ಸರಿಸಿದವರನ್ನು ನಾನು ಇಂದಿಗೂ ಬೈಯುತ್ತೇನೆ. ಈ ಸಲ ಸರಿಸಿದವಳು ನಾನೇ. ನಾಚಿಕೆಯಾಗಿತ್ತು, ಆದರೆ 'ತಪ್ಪಾಯಿತು' ಎನ್ನಲು ಇಷ್ಟುದ್ದದ ನಾಲಿಗೆ ಏಳಲಿಲ್ಲ.

ಕ್ರಿಸ್‌ಮಸ್ ವಾರದಲ್ಲಿ ಮನೆಮನೆಗೆ ಹಾಡುತ್ತಾ ಹೋಗುವುದು ನಮ್ಮ ರೂಢಿ. ಆ ಸಲ ಚೌಡಾಪುರ ದಾಟಿ, ಆಕೆ ರಜೆಗೆ ಹೋಗಿದ್ದ ತಾಂಡಾಕ್ಕೂ ಹೋದೆವು. ಅಂಗಳದಲ್ಲಿ ಕಾಲಿಟ್ಟೆವೋ ಇಲ್ಲವೋ, ಹಾಸ್ಟೆಲಿಗೆ ಒಮ್ಮೆ ಬಂದು ನನ್ನನ್ನು ಕಂಡಿದ್ದ ಅವಳ ಅಜ್ಜಿ ನನ್ನ ಕೊರಳು ತಬ್ಬಿ ರಾಗ ಎಳೆದು ಅಳತೊಡಗಿದಳು. ಯಾರೋ ತೀರಿಕೊಂಡಿದ್ದಾರೆ! ನಾನು ತಡಮಾಡಲಿಲ್ಲ. ಕಣ್ಣುಮುಚ್ಚಿ, "ಕರ್ತನೇ, ಈ ದುಃಖದ ಮನೆಯನ್ನು ಸಂತೈಸು..." ಎಂದು ಗಟ್ಟಿಯಾಗಿ ಶುರು ಮಾಡಿಯೇಬಿಟ್ಟೆ. ನಮ್ಮವರೆಲ್ಲ ತಲೆ ತಗ್ಗಿಸಿದರು.

ಬಾಗಿಲಲ್ಲಿ ಕಿಸಕ್ಕೆಂದು ನಗು. ನನ್ನ ಗೆಳತಿ ಹೊಟ್ಟೆ ಹಿಡಿದುಕೊಂಡಿದ್ದಳು.

"ಯಾರೂ ಸತ್ತಿಲ್ಲ ಬೇ! ಬೇಕಾದವ್ರು ಮನಿಗೆ ಬಂದ್ರ ನಮ್ಮಲ್ಲಿ ಹಿಂಗ ಅತ್ತ ಕರ್ಕೊಳ್ಳೋದು."

"ಮತ್ತ ಅಜ್ಜಿ ಏನ್ ಹಾಡಾಕತ್ತಾರ?"

"ನನ್ನ ಇನ್ನೊಬ್ಬ ಮೊಮ್ಮಗಳು ಬಂದಾಳ, ಇಷ್ಟ ದಿನ ಎಲ್ಲಿದ್ದಿ ಅಂತ."

ಅಂದರೆ ನಮ್ಮ ಜಗಳವನ್ನು ಆಕೆ ಮನೆಯಲ್ಲಿ ಹೇಳಿರಲೇ ಇಲ್ಲ. ನನಗೆ ನಿಜವಾಗಿಯೇ ಅಳು ಬಂತು. ಅಜ್ಜಿಯ ಹೆಗಲ ಮೇಲೆಯೇ, ಅರ್ಧಕ್ಕೆ ನಿಂತಿದ್ದ ಪ್ರಾರ್ಥನೆಯನ್ನು ಮುಂದುವರಿಸಿದೆ: "ಕರ್ತನೇ, ಈಕಿ ಹಾಡು ಕೇಳದನ ಬ್ಯಾಡ ಅಂದೆ. ತಪ್ಪಾತು."

ಎಲ್ಲರೂ 'ಆಮೆನ್' ಅಂದರು, ಆಕೆಯೊಬ್ಬಳನ್ನು ಬಿಟ್ಟು.

"ನಾ ಈಗ ಅನ್ನಂಗಿಲ್ಲ. ಮೊದಲ ಹಾಡು ಕೇಳು," ಎಂದು ಒಳಗೆ ಹೋಗಿ ಬೈಬಲ್ಲಿನಿಂದ ಹಾಳೆ ತೆಗೆದುಕೊಂಡು ಬಂದಳು.

ಯೇಸುವಿನ ಹೆಸರು ಬಿಟ್ಟರೆ ನಮಗೆ ಒಂದಕ್ಷರ ತಿಳಿಯಲಿಲ್ಲ, ಚಪ್ಪಾಳೆ ಮಾತ್ರ ತಪ್ಪಲಿಲ್ಲ. ಎರಡನೇ ನುಡಿಗೆ ಅಜ್ಜಿ ಕಣ್ಣೊರೆಸಿಕೊಂಡು ಕುಣಿಯಲು ನಿಂತಳು, ನನ್ನನ್ನೂ ಎಳೆದಳು. ಅಷ್ಟು ಖುಷಿಯಿಂದ ನಾನು ಯಾವ ಕ್ರಿಸ್‌ಮಸ್‌ನಲ್ಲೂ ಕುಣಿದಿರಲಿಲ್ಲ.

ಹಾಡು ಮುಗಿಸಿ, ಹಾಳೆಯನ್ನು ನನ್ನ ಕೈಗಿಟ್ಟು, ಆಕೆ 'ಆಮೆನ್' ಅಂದಳು.