ಎಳೆಯುವ ಜೋಡಿ, ಓಡುವ ಜೋಡಿ

ರಾವೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಒಂದು ಕಟ್ಟಳೆ ಇದೆ. ಕಲ್ಲು ತುಂಬಿಕೊಂಡು ತಳದಿಂದ ಮೇಲೇರುವ ಗಾಡಿ ಏರಿನ ನಡುವೆ ಕೆಟ್ಟು ನಿಂತಿತೋ, ಅದರ ಪಾಳಿ ಹೋಯಿತು. ಮರುದಿನದಿಂದ ಅದು ಸಾಲಿನ ಕೊನೆಗೆ. ಮೊದಲ ಪಾಳಿಯವನು ಬಿಸಿಲೇರುವ ಮುಂಚೆ ಚಿಂಚೋಳಿ ಮುಟ್ಟುತ್ತಾನೆ, ಅಲ್ಲಿ ಮನೆ ಕಟ್ಟುವ ಗೌಂಡಿಗಳೇ ಬಂದು ಕಲ್ಲು ಇಳಿಸಿಕೊಳ್ಳುತ್ತಾರೆ. ಕೊನೆಯವನು ಮುಟ್ಟುವ ಹೊತ್ತಿಗೆ ಅವರು ಉಂಡು ಬೇವಿನ ಗಿಡದ ಕೆಳಗೆ ಮಲಗಿರುತ್ತಾರೆ. ಅವನು ತಾನೇ ಇಳಿಸಬೇಕು. ಮೊದಲ ಪಾಳಿ ವರ್ಷಗಟ್ಟಲೆ ನನ್ನದಾಗಿತ್ತು. ಯಾರೂ ದಾನ ಕೊಟ್ಟದ್ದಲ್ಲ, ನನ್ನ ಡೀಸೆಲ್ ಪಿಕಪ್ ಏರಿ ಏರಿ ಗಳಿಸಿದ್ದು.

ಒಂದು ದಿನ ಖಾಲಿ ಮರಳುವಾಗ ಅಂಥ ಗಾಡಿಯ ಹಿಂದಿನ ಆಕ್ಸಲ್ಲಿನೊಳಗೆ ಗಿಯರಿನ ಹಲ್ಲು ಮುರಿದವು. ವಾಡಿಯ ಮಿಸ್ತ್ರಿ ಬಿಚ್ಚಿ ನೋಡಿ, ಇದೇ ಲೆಕ್ಕದ ಜೋಡಿ ಎಲ್ಲೂ ಸಿಗುವುದಿಲ್ಲವೆಂದ. ಗುಜರಿಯಿಂದ ಬೇರೆ ಎರಡು ಜೋಡಿ ತಂದು ನನ್ನ ಮುಂದಿಟ್ಟ. ಒಂದರಲ್ಲಿ ಸಣ್ಣ ಗಿಯರಿಗೆ ಎಂಟು ಹಲ್ಲು, ದೊಡ್ಡದಕ್ಕೆ ಮೂವತ್ತೊಂಬತ್ತು. ಇನ್ನೊಂದರಲ್ಲಿ ಒಂಬತ್ತು ಮತ್ತು ಮೂವತ್ತೇಳು.

"ಮೊದಲಿಂದು ಎಳೀತದ, ಓಡಂಗಿಲ್ಲ. ಎರಡನೇದು ಓಡ್ತದ, ಎಳಿಯಂಗಿಲ್ಲ. ಎರಡೂ ಮಾಡೂದು ಇನ್ನಾ ಹುಟ್ಟಿಲ್ರಿ," ಎಂದ ಮಿಸ್ತ್ರಿ.

ವಾಡಿಯಲ್ಲಿ ಗಾಡಿ ಬಿಚ್ಚಿದರೆ ನಟ್ಟು ಸಿಗುವುದು ತಡವಾಗಬಹುದು, ಸಲಹೆ ತಡವಾಗುವುದಿಲ್ಲ. ಎದುರಿನ ಚಹಾದಂಗಡಿ ಪೂರ್ತಿ ಎದ್ದು ಬಂತು. ಮೊಬೈಲ್ ಅಂಗಡಿಯವನು ಅಮೆರಿಕದ ವಿಡಿಯೋ ತೋರಿಸಿದ.

"ನೋಡ್ರಿ ಕಾಕಾ, ಅಲ್ಲಿ ಪಿಕಪ್ ಹ್ಯಾಂಗ ಹಾರ್ತಾವ! ಓಡೂದ ಹಾಕಸ್ರಿ."

"ಹಿಂದ ಏನ್ ತುಂಬ್ಯಾನವಾ?"

"ನಾಯಿ ಕುಂದ್ರಿಸ್ಯಾನ್ರಿ."

"ನಾ ಫರಸಿ ತುಂಬತೀನಪ್ಪ."

ನನ್ನ ಹೆಂಡತಿಯ ತಮ್ಮ ಬಿಡಲಿಲ್ಲ. "ಮಾಮಾ, ಸೇಡಂ ರೋಡ್ ಬೆಣ್ಣಿ ಆದಂಗ ಆಗ್ಯದ. ಕಂಡ ಕಂಡವರು ನಿಮ್ಮನ್ನ ಹಿಂದ ಹಾಕಿ ಹೋದ್ರ ನಮ್ಮಕ್ಕ ಮಾರಿ ಎಲ್ಲಿಡಬೇಕು?"

"ನಿಮ್ಮಕ್ಕ ಮನ್ಯಾಗ ರೊಟ್ಟಿ ಬಡೀಲಿಕತ್ತಿರ್ತಾಳ, ಆಕಿಗೇನ್ ಕಾಣ್ತದೋ?"

ಅವನು ಹತ್ತಿರ ಬಂದು ಮೆಲ್ಲಗೆ ಕೇಳಿದ: "ಐತ್ವಾರ ಗಾಡಿ ಖಾಲಿ ಇರ್ತದಲ್ರಿ ಮಾಮಾ? ದೋಸ್ತರು ತಿರಗಾಡ್ಲಾಕ ಕೇಳಾಕತ್ತಾರ." ನನ್ನ ಮರ್ಯಾದೆಯ ಚಿಂತೆ ಅವನಿಗೆ ಎಲ್ಲಿಂದ ಹತ್ತಿತೆಂದು ಆಗ ತಿಳಿಯಿತು.

ಅವರ ಮಾತಿಗೆ ಬುಡವಿಲ್ಲವೆಂದು ನಾನು ಹೇಳುವುದಿಲ್ಲ. ಸಪಾಟು ರಸ್ತೆ ಬಲು ಉದ್ದ, ಖಣಿಯ ಏರು ಗಿಡ್ಡ. ಆದರೆ ಉದ್ದ ರಸ್ತೆಯಲ್ಲಿ ನಿಧಾನವಾದರೆ ನಾಲ್ಕು ಜನ ನಗುತ್ತಾರೆ, ಅಷ್ಟೆ. ಗಿಡ್ಡ ಏರಿನಲ್ಲಿ ನಿಂತರೆ ಪಾಳಿಯೇ ಹೋಗುತ್ತದೆ. ಐದನೆಯ ಇಯತ್ತೆಗೆ ಶಾಲೆ ಬಿಟ್ಟರೂ ಇಷ್ಟು ಲೆಕ್ಕ ನನಗೆ ಬರುತ್ತಿತ್ತು. ಎಳೆಯುವ ಜೋಡಿ ಹಾಕಿಸಿದೆ. ಚಹಾದಂಗಡಿ ಆ ಕ್ಷಣವೇ ನನ್ನ ಗಾಡಿಗೆ 'ಎಮ್ಮಿ' ಎಂದು ಹೆಸರಿಟ್ಟಿತು. ಬಿಟ್ಟ ಜೋಡಿಯನ್ನು ಎರಡನೆಯ ಪಾಳಿಯ ಡ್ರೈವರ್ ತನ್ನ ಪಿಕಪ್ಪಿಗೆ ಹಾಕಿಸಿಕೊಂಡ. ಅವನಿಗೂ ಅದೇ ವಿಡಿಯೋ ತೋರಿಸಿದ್ದರು.

ಮರುದಿನ ಬೆಳಿಗ್ಗೆ ಹೆಂಡತಿಯ ತಮ್ಮನೂ ತಮಾಷೆ ನೋಡಲು ಗಾಡಿ ಹತ್ತಿದ. ಕಲ್ಲು ತುಂಬಿಕೊಂಡು ಒಂದನೇ ಗಿಯರಿನಲ್ಲಿ ಬಿಟ್ಟೆ. ಎಮ್ಮೆ ಎಮ್ಮೆಯಂತೆಯೇ ಹೋಯಿತು, ಆದರೆ ಎಲ್ಲೂ ನಿಲ್ಲಲಿಲ್ಲ. ಮೇಲೆ ಬಂದು ನೋಡಿದರೆ ಹಿಂದಿನ ಎರಡನೆಯ ಪಾಳಿಯ ಗಾಡಿ ಏರಿನ ನಡುವೆ ಹೊಗೆ ಉಗುಳುತ್ತ ನಿಂತಿತ್ತು. ಅದರ ಹಿಂದೆ ಇಡೀ ಸಾಲು ಹಾರ್ನು ಹೊಡೆಯುತ್ತಿತ್ತು. ಹಗ್ಗ ಕಟ್ಟಿ ಅವನನ್ನು ಮೇಲೆಳೆದೆ. ಹಿಂದೆ ನಿಂತ ಗಾಡಿಗಳು ತಳಕ್ಕೆ ಸರಿದು ಒಂದೊಂದಾಗಿ ಮತ್ತೆ ಏರಬೇಕಿತ್ತು.

ಪಾಳಿ ನೋಡಿಕೊಳ್ಳುವ ಖಣಿಯ ಮುಕಾದಮನಿಗೆ ಭಾರೀ ಸಂತೋಷವಾಯಿತು. ನನ್ನ ಬೆನ್ನು ತಟ್ಟಿ ಹೊಸ ಕಟ್ಟಳೆ ಮಾಡಿದ. "ಶಹಬ್ಬಾಸ್! ಮೊದಲ ಪಾಳಿ ನಿಂದ. ಆದ್ರ ದಿನಾ ನೀ ಏರಿ ಮ್ಯಾಲ ನಿಂದ್ರು. ಕೆಟ್ಟ ಗಾಡಿ ಎಲ್ಲಾ ಎಳದು, ಎಲ್ಲಾರೂ ಹೋದ ಮ್ಯಾಲ ನೀ ಹೋಗು."

ಕೆಳಗಿದ್ದವರೆಲ್ಲ ಒಕ್ಕೊರಲಿನಿಂದ ಹೂಂಗುಟ್ಟಿದರು. ನಿನ್ನೆ ಎಮ್ಮೆ ಎಂದವರಿಗೆ ಇವತ್ತು ನಾನು ಅಣ್ಣನಾಗಿದ್ದೆ. ಮೊದಲ ಪಾಳಿಯೆಂಬ ಹೆಸರು ನನಗೆ, ಬೇವಿನ ಗಿಡದ ಕೆಳಗೆ ಮಲಗಿದ ಗೌಂಡಿಗಳೂ ನನಗೇ.

"ಮುಕಾದಮರ, ಹಗ್ಗ ಇಲ್ಲೇ ಬಿಟ್ಟು ಹೋಗ್ತೀನ್ರಿ," ಎಂದೆ. "ಗಾಡಿ ಬಿಡಂಗಿಲ್ಲ. ಎಳಿಯೂ ಜೋಡಿ ಗುಜರ್ಯಾಗ ಇನ್ನಾ ಸಿಗ್ತಾವ, ಹುಡುಕಿ ಹಾಕಸ್ಕೋರಿ ಅನ್ರಿ ಇವರಿಗೆ."

ಹಗ್ಗ ಅವನ ಕೈಗೆ ಕೊಟ್ಟು ಗಾಡಿ ಹತ್ತಿದೆ.

ಚಿತ್ತಾಪುರ ದಾಟಿದ ಮೇಲೆ ಸಿಮೆಂಟಿನ ಬಲ್ಕರ್ ಲಾರಿಗಳು, ಬಸ್ಸುಗಳು, ಒಂದು ಆಟೋ ಕೂಡ ನಮ್ಮನ್ನು ಹಿಂದೆ ಹಾಕಿ ಹೋದವು. ಪಕ್ಕದಲ್ಲಿದ್ದವನು ಪ್ರತಿಯೊಂದಕ್ಕೂ ಸಲಾಮು ಹೊಡೆದ. "ಮಾಮಾ, ಇಳದು ನಡದು ಹೋಗ್ಲೇನ್ರಿ? ಮಳಖೇಡದಾಗ ಚಹಾ ಹೇಳಿಟ್ಟಿರ್ತೀನಿ."

"ಹಿಂದ ನೋಡು. ಫರಸಿ ಗಾಡಿ ಒಂದರ ಬರ್ಲಿಕತ್ತದೇನು?"

ಅವನು ಕಿಟಕಿಯಿಂದ ತಲೆ ಹೊರಹಾಕಿ ನೋಡಿದ. ಒಂದೂ ಇರಲಿಲ್ಲ. ಆಮೇಲೆ ನಮ್ಮನ್ನು ಹಿಂದೆ ಹಾಕಿದ ಬಸ್ಸಿಗೆ ಸಲಾಮು ಹೊಡೆಯಲಿಲ್ಲ.

ಚಿಂಚೋಳಿಯಲ್ಲಿ ಗೌಂಡಿಗಳು ಇನ್ನೂ ಉಂಡಿರಲಿಲ್ಲ. ಕಲ್ಲು ಅವರೇ ಇಳಿಸಿದರು.